ಕುಡಿಯದವನ ಅಮಲು

ಕೊರೊನಾ ಗದ್ದಲ ಅಡಗಿ ಎರಡನೇ ವರ್ಷ. ಆಗ ನಾನು ಮಸ್ಕಿಯ ಪಶು ಆಸ್ಪತ್ರೆಯ ಮುಖ್ಯ ಪಶುವೈದ್ಯಾಧಿಕಾರಿ. ಹುಟ್ಟಿದ್ದು ಮುದಗಲ್ಲಿನಲ್ಲಿ, ಮನೆ ಮಾಡಿದ್ದು ಲಿಂಗಸುಗೂರಿನಲ್ಲಿ, ಸಂಬಳ ತಿಂದದ್ದು ಮಸ್ಕಿ ಮತ್ತು ಸಿಂಧನೂರಿನ ನಡುವಿನ ಕಾಲುವೆ ನೀರಿನ ಊರುಗಳಲ್ಲಿ. ಒಂದೇ ಕಡೆ ಕೂತು ಕೆಲಸ ಮಾಡುವ ಜಾಯಮಾನ ನನ್ನದಲ್ಲ. ಕುರ್ಚಿ ಮೇಲೆ ಸ್ವಲ್ಪ ಹೊತ್ತು ಕೂತರೆ ಕಾಲು ತನ್ನಷ್ಟಕ್ಕೆ ಅಲ್ಲಾಡತೊಡಗುತ್ತದೆ. "ನಿನ್ನ ಕಾಲಿಗೆ ಒಂದು ಡೈನಮೋ ಹಚ್ಚಿದ್ರ ಮನಿ ಲೈಟಾರ ಉರೀತಿದ್ವು" ಎಂದು ನನ್ನ ಯಜಮಾನರು ಚೇಷ್ಟೆ ಮಾಡುತ್ತಿದ್ದರು. ಆ ವರ್ಷದ ಸುಗ್ಗಿಯಲ್ಲಿ ನನ್ನ ಕಾಲಷ್ಟೇ ಅಲ್ಲ, ತಲೆಯೂ ಒಂದು ಕಡೆ ನಿಲ್ಲದಂತೆ ಮಾಡಿದ ಪ್ರಕರಣ ಇದು.

ಮೊದಲು ನಮ್ಮ ಕೆಲಸದ ಒಂದು ವಿಷಯ ಹೇಳಿಬಿಡಬೇಕು. ಎಮ್ಮೆಯ ಹೊಟ್ಟೆಯಲ್ಲಿ ರೂಮೆನ್ ಎಂಬ ದೊಡ್ಡ ಚೀಲವಿದೆ. ಅದರಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಬಾಳುವೆ ಮಾಡಿಕೊಂಡಿರುತ್ತವೆ. ಒಣಹುಲ್ಲನ್ನು ಕರಗಿಸಿ ಎಮ್ಮೆಗೆ ಶಕ್ತಿ ಒದಗಿಸುವುದು ಅವೇ. ಹುಲ್ಲು ತಿನ್ನುವ ಹೊಟ್ಟೆಗೆ ಒಮ್ಮೆಲೇ ಭತ್ತವೋ, ನುಚ್ಚೋ, ಅನ್ನವೋ ರಾಶಿಯಾಗಿ ಬಂದು ಬಿದ್ದರೆ ಈ ಸಂಸಾರ ಅಡಿಮೇಲಾಗುತ್ತದೆ. ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ, ಲ್ಯಾಕ್ಟಿಕ್ ಆಸಿಡ್ ಎಂಬ ಹುಳಿಯನ್ನು ತಯಾರಿಸುವ ಜಾತಿಯವು ಮೇಲುಗೈ ಪಡೆಯುತ್ತವೆ. ಆ ಹುಳಿ ರಕ್ತಕ್ಕೆ ಇಳಿದಾಗ ಎಮ್ಮೆ ಜೋರಾಗಿ ಉಸಿರಾಡುತ್ತದೆ, ತೂರಾಡುತ್ತದೆ, ಬೀಳುತ್ತದೆ. ನಾವು ಇದಕ್ಕೆ ಅಸಿಡೋಸಿಸ್ ಎನ್ನುತ್ತೇವೆ. ಭತ್ತದ ಸುಗ್ಗಿಯಲ್ಲಿ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಇದೇ ಮಾತಿನಿಂದ ಶುರುವಾಗುತ್ತಿದ್ದವು: "ಡಾಕ್ಟರಮ್ಮ, ಎಮ್ಮಿ ಕುಡಿದಂಗ ಮಾಡಾಕತ್ತೈತ್ರಿ, ಲಗೂನ ಬರ್ರಿ."

ಆನಂದ ನಮ್ಮ ಆಸ್ಪತ್ರೆಯ ಪಶುವೈದ್ಯಕೀಯ ಪರೀಕ್ಷಕ. ಊರೂರಿಗೆ ಹೋಗಿ ಲಸಿಕೆ ಹಾಕುವುದು, ಸಣ್ಣಪುಟ್ಟ ಚಿಕಿತ್ಸೆ ಮಾಡುವುದು ಅವನ ಕೆಲಸ. ಮೂವತ್ತು ದಾಟಿದ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ. ಅವನದು ಮಸ್ಕಿಯ ಬೌದ್ಧ ಕುಟುಂಬ. ಅವನ ತಂದೆ ಪಂಚಶೀಲವನ್ನು ಗೋಡೆಯ ಮೇಲೆ ಬರೆಸಿ ಸುಮ್ಮನಾದವರಲ್ಲ. ತಮ್ಮ ದಲಿತ ಕಾಲೊನಿಯ ಬಾಯಲ್ಲೇ ಇದ್ದ ಸೇಂದಿ ಅಂಗಡಿಯ ಮುಂದೆ ಹೆಂಡತಿ ಈರಮ್ಮನ ಜೊತೆ ಕೂತು, ಬೈಸಿಕೊಂಡು, ಹೊಡೆಸಿಕೊಂಡು ಅದನ್ನು ಮುಚ್ಚಿಸಿದವರು. ಅವರು ತೀರಿಕೊಂಡ ಮೇಲೂ ಆ ಮನೆಯಲ್ಲಿ ಕೆಮ್ಮಿನ ಔಷಧವನ್ನು ಸಹ ಮೂಸಿ ನೋಡಿಯೇ ಕುಡಿಯುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಆನಂದನ ಸಂಬಳದ ಮೇಲೆ.

ಕೊರೊನಾ ಕಾಲದಲ್ಲಿ ಆನಂದನ ಕರುಳು ತಿರುಚಿಕೊಂಡು ಜೀವಕ್ಕೆ ಬಂದಿತ್ತು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಸತ್ತುಹೋಗಿದ್ದ ಸಣ್ಣ ಕರುಳಿನ ಬಹುಭಾಗವನ್ನು ತೆಗೆದುಹಾಕಿದ್ದರು. ಮನೆಗೆ ಬಂದಾಗ ಬರೀ ಎಲುಬು, ತೊಗಲು. ಚೆನ್ನಾಗಿ ತಿನ್ನು, ಮೈ ಹಿಡಿಯಬೇಕು ಎಂದು ಕಂಡಕಂಡವರೆಲ್ಲ ಹೇಳಿದರು. ಈರಮ್ಮ ಆ ಮಾತನ್ನು ಹಠ ಹಿಡಿದು ಪಾಲಿಸಿದರು. ಒಂದು ವರ್ಷ ಕಳೆಯುವುದರೊಳಗೆ ಹುಡುಗ ಡ್ಯೂಟಿಗೆ ಹಾಜರಾದ. ಆದರೆ ಮಧ್ಯಾಹ್ನದ ಮೇಲೆ ಕೆಲವು ದಿನ ಅವನ ಮಾತು ತೊದಲುತ್ತಿತ್ತು, ನಡಿಗೆ ಹದ ತಪ್ಪುತ್ತಿತ್ತು. ಮರುದಿನ ಕೇಳಿದರೆ ಅವನಿಗೆ ಸರಿಯಾಗಿ ನೆನಪೂ ಇರುತ್ತಿರಲಿಲ್ಲ. ಬಲಹೀನತೆ ಇರಬೇಕು ಎಂದುಕೊಂಡೆ.

ವಳಕಮದಿನ್ನಿಯ ಶರಣಪ್ಪನವರು ಕಾಲುವೆ ಕೆಳಗೆ ದೊಡ್ಡ ಜಮೀನಿರುವ ರೈತರು. ಅವರ ಭತ್ತದ ರಾಶಿ ಮುಗಿದ ದಿನವೇ ಆನಂದ ಅಲ್ಲಿಗೆ ಲಸಿಕೆ ಹಾಕಲು ಹೋಗಿದ್ದ. ರಾಶಿ ಮುಗಿದ ದಿನ ಕಣಕ್ಕೆ ಬಂದವರು ಉಣ್ಣದೆ ಹೋಗುವಂತಿಲ್ಲ, ಅದು ನಮ್ಮ ಕಡೆಯ ಪದ್ಧತಿ. ಇವನನ್ನೂ ಕೂಡಿಸಿ ಬೆಲ್ಲ ಹಾಕಿದ ಗೋಧಿ ಹುಗ್ಗಿ, ಅನ್ನ, ಸಾರು ಒತ್ತಾಯ ಮಾಡಿ ಬಡಿಸಿದರು. ಉಂಡೆದ್ದು ಕರುಗಳಿಗೆ ಲಸಿಕೆ ಹಾಕುತ್ತಾ ಹೋದವನು ಸ್ವಲ್ಪ ಹೊತ್ತಿಗೆ ಸಿರಿಂಜ್ ಕೈಬಿಟ್ಟ. ಗೂಟಕ್ಕೆ ಎಡವಿದ. ಕೈ ಹಿಡಿಯಲು ಬಂದ ಶರಣಪ್ಪನವರಿಗೆ, "ಲೇ ಶರಣಪ್ಪ, ಕೈ ಬಿಡಲೇ" ಎಂದುಬಿಟ್ಟ. ಯಾರೋ ಮೊಬೈಲಿನಲ್ಲಿ ಅದನ್ನೆಲ್ಲ ಹಿಡಿದರು.

ತೂರಾಡಿದ್ದನ್ನು ಊರು ಮರೆಯುತ್ತಿತ್ತೇನೋ. ಕಾಲೊನಿಯ ಹುಡುಗ ಭೂಮಾಲೀಕನಿಗೆ "ಲೇ" ಅಂದದ್ದನ್ನು ಮರೆಯಲು ಅದು ಸಿದ್ಧವಿರಲಿಲ್ಲ. ಅವನನ್ನು ಹಿಡಿದುಕೊಂಡು ಹೋಗಿ ಪೊಲೀಸರ ಮುಂದೆ ನಿಲ್ಲಿಸಿದರು. ಉಸಿರು ಪರೀಕ್ಷಿಸುವ ಯಂತ್ರ ಸೊನ್ನೆ ತೋರಿಸಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಜಿಲ್ಲೆಯ ಜನಕ್ಕೆ ಬೇರೆ ಯಾರಿಗೂ ತಟ್ಟನೆ ಹೊಳೆಯದ ಒಂದು ವಿವರಣೆ ಸಿದ್ಧವಾಗಿರುತ್ತದೆ: ಸಿ.ಎಚ್. ಪೌಡರ್. ಕಲಬೆರಕೆ ಸೇಂದಿಗೆ ಹಾಕುವ, ಮನುಷ್ಯನನ್ನು ಮಂಕು ಹಿಡಿಸುವ ರಾಸಾಯನಿಕ ಅದು. "ಅವಾ ಪೌಡರ್ ಸೇಂದಿ ಕುಡದಾನ್ರಿ. ಅದು ಮಷಿನ್‌ನ್ಯಾಗ ಬರಂಗಿಲ್ಲ" ಎಂದು ಶರಣಪ್ಪ ದೂರು ಕೊಟ್ಟರು. ಯಂತ್ರದ ಸೊನ್ನೆಯೇ ಅಪರಾಧಕ್ಕೆ ಸಾಕ್ಷಿಯಾಗಿ ನಿಂತಿತು.

ಜಿಲ್ಲಾ ಕಚೇರಿಯಿಂದ ನನ್ನ ಮೇಲಧಿಕಾರಿ ಫೋನ್ ಮಾಡಿದರು. "ಮೇಡಂ, ವಿಡಿಯೋ ಎಲ್ಲಾರ ಕಡೆ ಹೋಗ್ಯಾದ. ನಶೆದಾಗ ಡ್ಯೂಟಿಗೆ ಬಂದಿದ್ದ ಅಂತ ಈ ಸೋಮವಾರದೊಳಗ ಒಂದು ವರದಿ ಕಳಸ್ರಿ. ಸಸ್ಪೆಂಡ್ ಮಾಡಿದ್ರ ಊರು ತಣ್ಣಗಾಗತೈತಿ."

ಆನಂದನನ್ನು ಕರೆಸಿ ಕೇಳಿದೆ. ಅವನು ತಲೆ ಎತ್ತಲಿಲ್ಲ. "ನಮ್ಮಪ್ಪ ಅಂಗಡಿ ಮುಂದ ಕುಂತಾಗ ನಾ ಅವರ ತೊಡಿ ಮ್ಯಾಲ ಕುಂತಿದ್ನಿ ಮೇಡಂ. ನಾ ಕುಡೀತೀನೇನ್ರಿ? ನಂದೇನೋ ಹೋಗಲಿ, ನಮ್ಮವ್ವ ಕಾಲೊನ್ಯಾಗ ಹೆಂಗ ತಿರಗ್ಯಾಡಬೇಕು?" ಎಂದ. ನಂಬಬೇಕೆನ್ನಿಸಿತು. ಆದರೆ ವಿಡಿಯೋ ನೋಡಿದಾಗಲೆಲ್ಲ ನಂಬಿಕೆ ಅಲ್ಲಾಡುತ್ತಿತ್ತು. ಅದರಲ್ಲಿದ್ದವನು ಯಾವ ಕಡೆಯಿಂದ ನೋಡಿದರೂ ಕುಡಿದವನೇ. ವರದಿಗೆ ಕೂತರೆ ಒಂದು ಸಾಲು ಬರೆಯುವುದು, ಎದ್ದು ವರಾಂಡದಲ್ಲಿ ಅಡ್ಡಾಡುವುದು, ಬಂದು ಆ ಸಾಲನ್ನು ಹೊಡೆದುಹಾಕುವುದು. ಊಟ ಸೇರಲಿಲ್ಲ. ಮನೆಯಲ್ಲಿ ಸುಮ್ಮಸುಮ್ಮನೆ ಎಲ್ಲರ ಮೇಲೆ ಹರಿಹಾಯ್ದೆ.

ಶನಿವಾರ ಬೆಳಿಗ್ಗೆ, ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಿಂದ ಕರೆ ಬಂತು. ಬಂಗಾಳಿ ಹೆಣ್ಣುಮಗಳೊಬ್ಬಳ ಎಮ್ಮೆ ಈದು ಸ್ವಲ್ಪ ದಿನವಾಗಿತ್ತು. ಹಾಲು ಹೆಚ್ಚಲಿ, ಬಾಣಂತಿ ಎಮ್ಮೆಗೆ ಶಕ್ತಿ ಬರಲಿ ಎಂದು ಒಂದು ದೊಡ್ಡ ಬುಟ್ಟಿ ಅನ್ನಕ್ಕೆ ಬೆಲ್ಲ ಕಲಸಿ ತಿನ್ನಿಸಿದ್ದಳು. ನಾನು ಹೋಗುವಷ್ಟರಲ್ಲಿ ಎಮ್ಮೆ ಕಾಲು ಅಗಲಿಸಿ ನಿಂತು ಓಲಾಡುತ್ತಿತ್ತು, ಪಕ್ಕೆ ಹಿಗ್ಗಿಸಿ ಜೋರುಜೋರಾಗಿ ಉಸಿರು ಎಳೆಯುತ್ತಿತ್ತು. ನನ್ನ ಸಿಟ್ಟೆಲ್ಲ ಆ ಹೆಂಗಸಿನ ಮೇಲೆ ತೀರಿಸಿಕೊಂಡೆ. "ಎಮ್ಮಿಗಿ ಅನ್ನ ಹಾಕ್ತಾರೇನವ್ವ? ಕೊಂದಿಟ್ಟಿ ನೋಡು" ಎಂದು ಕೂಗಾಡಿದೆ. ಅವಳು ಎಮ್ಮೆಯ ಕೊರಳು ತಬ್ಬಿಕೊಂಡು ಅಳುತ್ತಾ ನಿಂತಿದ್ದಳು. ರಕ್ತನಾಳಕ್ಕೆ ಸೋಡಾ ದ್ರಾವಣ ಕೊಟ್ಟು ಹುಳಿಯನ್ನು ತಗ್ಗಿಸಿದೆ. ಟ್ಯೂಬ್ ಇಳಿಸಿ ಹೊಟ್ಟೆಯೊಳಗಿನದನ್ನು ಆದಷ್ಟು ತೊಳೆದು ತೆಗೆದೆ. ಪಕ್ಕದ ಮನೆಯ ಆರೋಗ್ಯವಂತ ಎಮ್ಮೆಯ ಹೊಟ್ಟೆಯ ರಸವನ್ನು ಟ್ಯೂಬಿನಿಂದ ಎಳೆದು ಇದರ ಹೊಟ್ಟೆಗೆ ಹಾಕಿದೆ. ಕೆಟ್ಟುಹೋದ ಸಂಸಾರಕ್ಕೆ ಹೊಸ ಸೂಕ್ಷ್ಮಜೀವಿಗಳನ್ನು ಕಡ ತರುವ ವಿಧಾನ ಅದು. ಎಮ್ಮೆ ಉಳಿಯಿತು.

ವಾಪಸ್ಸು ಬರುವಾಗ ಸೀದಾ ಆನಂದನ ಮನೆಗೆ ಹೋದೆ. ಸೋಮವಾರ ಹತ್ತಿರವಾಗುತ್ತಿತ್ತು, ಅವನ ತಾಯಿಯನ್ನೊಮ್ಮೆ ಮಾತಾಡಿಸದೆ ಬರೆಯಲು ನನಗೆ ಕೈ ಬರುತ್ತಿರಲಿಲ್ಲ. ಆನಂದ ರಜೆ ಹಾಕಿ ಮನೆಯಲ್ಲೇ ಇದ್ದ. ಮಾತು ಸ್ಪಷ್ಟ, ಕಣ್ಣು ತಿಳಿ. ಈರಮ್ಮ ಅವನಿಗೆ ಒಂದು ಚೊಂಬಿನ ತುಂಬ ಅಕ್ಕಿ ಗಂಜಿಗೆ ಬೆಲ್ಲ ಹಾಕಿ ಕೊಟ್ಟರು, ಆಮೇಲೆ ಒಂದು ಗಂಗಾಳ ಅನ್ನ, ಮೊಸರು. "ಆಪರೇಷನ್ ಆದಾಗಿಂದ ಇದನ್ನ ಕೊಡ್ತೀನ್ರಿ. ಗಂಜಿ ಕುಡದ್ರ ಜೀವ ಹಿಡಿತಾನ" ಎಂದರು. ಸ್ವಲ್ಪ ಮಾತಾಡಿ ಎದ್ದೆ. ಹೊರಗೆ ಬಂದರೆ ಜೀಪಿನ ಗಾಲಿ ಪಂಕ್ಚರ್. ಡ್ರೈವರ್ ಗಾಲಿ ಬಿಚ್ಚಿಕೊಂಡು ಅಂಗಡಿಗೆ ಹೋದ, ನಾನು ಆ ಮನೆಯಲ್ಲೇ ಉಳಿಯಬೇಕಾಯಿತು. ಬಾಗಿಲಿನಿಂದ ಅಂಗಳಕ್ಕೆ, ಅಂಗಳದಿಂದ ಬಾಗಿಲಿಗೆ ಅಡ್ಡಾಡಿದೆ. "ಕುಂದರ್ರಿ ಮೇಡಂ, ನಿಮ್ಮನ್ನ ನೋಡಿದ್ರ ನನಗ ತಲಿ ತಿರಗತೈತಿ" ಎಂದು ಆನಂದ ನಕ್ಕ.

ಒಂದೆರಡು ತಾಸು ಕಳೆದಿರಬೇಕು. ಅವನ ನಗು ಸಡಿಲವಾಯಿತು. ಇಲಾಖೆಯ ಯಾವುದೋ ವಿಷಯ ಹೇಳುತ್ತಿದ್ದವನ ನಾಲಿಗೆ ದಪ್ಪವಾಯಿತು. ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದ. ಇಡೀ ಮಧ್ಯಾಹ್ನ ನನ್ನ ಕಣ್ಣೆದುರಿಗೇ ಇದ್ದ ಮನುಷ್ಯ! ಆ ಗಂಜಿ, ನೀರು ಬಿಟ್ಟು ಬೇರೇನೂ ಕುಡಿದಿರಲಿಲ್ಲ. ಹತ್ತಿರ ಹೋಗಿ ಬಾಯಿ ಮೂಸಿದೆ, ಏನೂ ಇಲ್ಲ. ಆಗ ಅವನ ಎದೆಯ ಕಡೆ ಕಣ್ಣು ಹೋಯಿತು. ಆಳವಾಗಿ, ಜೋರುಜೋರಾಗಿ ಉಸಿರು ಎಳೆಯುತ್ತಿದ್ದ. ಬೆಳಿಗ್ಗೆಯಷ್ಟೇ ಕ್ಯಾಂಪಿನಲ್ಲಿ ಆ ಉಸಿರನ್ನು ಕಂಡಿದ್ದೆ. ರಕ್ತದಲ್ಲಿ ಹುಳಿ ಏರಿದಾಗ ಅದನ್ನು ಹೊರಹಾಕಲು ದೇಹ ಎಳೆಯುವ ಉಸಿರು ಅದು.

ಈರಮ್ಮ ಅಷ್ಟರಲ್ಲೇ ಗ್ಲೂಕೋಸ್ ಪುಡಿ ಕಲಸಿದ ನೀರು ತಂದು, "ಸಕ್ರಿ ಅಂಶ ಕಮ್ಮಿ ಆಗೈತ್ರಿ ಇವಗ, ಕುಡಿ ಮಗನ" ಎಂದು ಬಾಯಿಗೆ ಹಿಡಿದಿದ್ದರು. ನಾನು ಕೈ ಅಡ್ಡ ಹಿಡಿದೆ.

"ಈರಮ್ಮ, ಇವಾ ಯಾವತ್ತು ಪೂರ್ತಿ ಆರಾಮ ಇರತಾನ ಹೇಳ್ರಿ."

"ಹುಣ್ಣಿಮಿ ದಿನ" ಎಂದರು ತಡವಿಲ್ಲದೆ. "ಅವತ್ತು ಅಷ್ಟಶೀಲದ ವ್ರತ ಹಿಡೀತಾನ, ಮುಂಜಾನಿ ಒಂಚೂರು ಉಂಡ್ರ ಮುಗೀತು, ಮಧ್ಯಾಹ್ನದ ಮ್ಯಾಲ ಏನೂ ಉಣ್ಣಂಗಿಲ್ಲ. ಒಂದು ಹುಣ್ಣಿಮಿಗೂ ಹಿಂಗಾಗಿಲ್ಲ ನೋಡ್ರಿ. ಭಗವಾನರು ಕಾಯ್ತಾರ."

ಭಗವಾನರ ಕೃಪೆಯ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಖಾಲಿ ಹೊಟ್ಟೆಯ ಬಗ್ಗೆ ಮಾತ್ರ ಇತ್ತು. ಆದರೆ ನಾನು ದನದ ಡಾಕ್ಟರು. ಮನುಷ್ಯನ ರೋಗ ಇಂಥದ್ದು ಎಂದು ಹೇಳುವುದು ನನ್ನ ಹದ್ದಲ್ಲ. ತಪ್ಪಿದರೆ ನಗೆಪಾಟಲು, ಸುಮ್ಮನಿದ್ದರೆ ಹುಡುಗನ ನೌಕರಿಗೆ ಕುತ್ತು. ಜೀಪಿನ ಗಾಲಿ ಬಂದ ಕೂಡಲೇ ಅವನನ್ನು ಹಿಂದೆ ಮಲಗಿಸಿಕೊಂಡು ಸಿಂಧನೂರಿಗೆ ಹೊರಟೆ.

ಸಿಂಧನೂರಿನಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರ್ ಮಹಾಂತೇಶ ನನಗೆ ಪರಿಚಯದವರು. ಎಮ್ಮೆಯ ಕಥೆ ಹೇಳಿದಾಗ ಮೊದಲು ನಕ್ಕರು. "ಮೇಡಂ, ಮನುಷ್ಯಾಗ ರೂಮೆನ್ ಎಲ್ಲೈತ್ರಿ?" ಎಂದರು. "ರೂಮೆನ್ ಇಲ್ಲ, ಖರೆ. ಸಣ್ಣ ಕರುಳೂ ಇಲ್ಲಲ್ರಿ ಇವಗ" ಎಂದೆ. ಅವರ ನಗು ಅಲ್ಲಿಗೇ ನಿಂತಿತು. ಆಪರೇಷನ್ ಆದಾಗ ಕೊಟ್ಟ ಡಿಸ್ಚಾರ್ಜ್ ಸಾರಾಂಶ ಕೇಳಿ ಓದಿದರು. ಪುಸ್ತಕ ತೆಗೆದರು, ತಮ್ಮ ಗುರುಗಳೊಬ್ಬರಿಗೆ ಫೋನ್ ಹಚ್ಚಿದರು.

ವಿಷಯ ಹೀಗೆ. ನಾವು ಉಂಡ ಅನ್ನ, ಸಕ್ಕರೆ ಸಣ್ಣ ಕರುಳಿನಲ್ಲೇ ಅರಗಿ ರಕ್ತ ಸೇರಬೇಕು. ಆನಂದನಿಗೆ ಆ ಕರುಳು ತುಂಡಷ್ಟೇ ಉಳಿದಿತ್ತು. ಹಾಗಾಗಿ ಅನ್ನ ಅರಗದೆಯೇ ದೊಡ್ಡ ಕರುಳಿಗೆ ಇಳಿಯುತ್ತಿತ್ತು, ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಡಿ-ಲ್ಯಾಕ್ಟಿಕ್ ಆಸಿಡ್ ಎಂಬ ಹುಳಿಯಾಗಿ ಮಾಡುತ್ತಿದ್ದವು. ನಮ್ಮ ಮೈ ತಾನೇ ತಯಾರಿಸುವುದು ಎಲ್-ಲ್ಯಾಕ್ಟಿಕ್ ಆಸಿಡ್, ಅದನ್ನು ಮೈ ಬೇಗ ಬಳಸಿಕೊಳ್ಳುತ್ತದೆ. ಡಿ ಜಾತಿಯದನ್ನು ಅಷ್ಟು ಬೇಗ ಬಳಸಿಕೊಳ್ಳಲಾರದು. ಅದು ಹೆಚ್ಚಾದರೆ ಮೆದುಳು ಮಂಕಾಗುತ್ತದೆ, ನಾಲಿಗೆ ಹೊರಳುವುದಿಲ್ಲ. ಊರಿನ ಲ್ಯಾಬುಗಳಲ್ಲಿ ಅಳೆಯುವುದು ಎಲ್ ಜಾತಿಯನ್ನು ಮಾತ್ರ. ಹಾಗಾಗಿ ಯಾವ ಪರೀಕ್ಷೆಯಲ್ಲೂ ಇದು ಸುಲಭಕ್ಕೆ ಸಿಗುವುದಿಲ್ಲ. ಅಪರೂಪದ ರೋಗ, ಆದರೆ ಪುಸ್ತಕದಲ್ಲಿ ಇರುವ ರೋಗವೇ. ಸಿಂಧನೂರಿಗೆ ಬರುವಷ್ಟರಲ್ಲಿ ಹೊತ್ತು ಬಹಳ ಹೋಗಿತ್ತು. ಆನಂದನ ಅಮಲು ಇಳಿಯುತ್ತಾ ಬಂದಿತ್ತು, ರಕ್ತದಲ್ಲಿ ಹುಳಿಯ ಗುರುತೂ ಹೆಚ್ಚು ಉಳಿದಿರಲಿಲ್ಲ. ಖಚಿತವಾಗಿ ಹೇಳಬೇಕಾದರೆ ಅಮಲು ಏರಿದ ಹೊತ್ತಿನಲ್ಲೇ ರಕ್ತ ತೆಗೆಯಬೇಕು ಎಂದರು ಮಹಾಂತೇಶ.

ಪೂರ್ತಿ ಎಚ್ಚರಕ್ಕೆ ಬಂದ ಆನಂದನೇ ದಾರಿ ಹೇಳಿದ. "ಹಂಗಾದ್ರ ಇಲ್ಲೇ ಉಣಸ್ರಿ. ಸಾಹೇಬ್ರನ್ನೂ ಕರೀರಿ, ಶರಣಪ್ಪನೋರನ್ನೂ ಕರೀರಿ. ಎಲ್ಲಾರ ಮುಂದ ಉಣ್ತೀನಿ." ಬೇಕಂತಲೇ ರೋಗ ಬರಿಸುವುದಕ್ಕೆ ಮಹಾಂತೇಶ ಮೊದಲು ಒಪ್ಪಲಿಲ್ಲ. ಆಮೇಲೆ ಅವನ ಮರ್ಯಾದೆ ಉಳಿಯುವ ದಾರಿ ಬೇರೆ ಇಲ್ಲವೆಂದು ಕಂಡು, ಡ್ರಿಪ್ಪು, ಔಷಧ ಎಲ್ಲ ಸಿದ್ಧ ಮಾಡಿಕೊಂಡು, ತಾವು ಪಕ್ಕದಲ್ಲೇ ಇರುವ ಷರತ್ತಿನ ಮೇಲೆ ಸೋಮವಾರಕ್ಕೆ ಒಪ್ಪಿದರು. ನಾನು ಮೇಲಧಿಕಾರಿಗೆ ಫೋನ್ ಮಾಡಿ, "ವರದಿ ಬರೀತೀನಿ ಸರ್. ನೀವೊಮ್ಮೆ ಸಿಂಧನೂರಿಗೆ ಬಂದು ನೋಡಿದ ಮ್ಯಾಲೇ ಬರೀತೀನಿ" ಎಂದೆ. ಅವರು ರೇಗಿದರು. ನಾನೂ ರೇಗಿದೆ. ಶರಣಪ್ಪನವರು ಮಾತ್ರ ಒಂದೇ ಮಾತಿಗೆ ಒಪ್ಪಿ, "ಆಸ್ಪತ್ರಿ ಊಟ ಬ್ಯಾಡ, ಅದರಾಗ ಏನಾರ ಬೆರಸ್ತೀರಿ. ನಮ್ಮನಿಯಿಂದ ಹುಗ್ಗಿ ತರ್ತೀನಿ" ಎಂದರು.

ಸೋಮವಾರ ನರ್ಸಿಂಗ್ ಹೋಮಿನ ಒಂದು ಕೋಣೆಯಲ್ಲಿ ನಾವೆಲ್ಲ ಸೇರಿದೆವು. ಮೇಲಧಿಕಾರಿ ಗಡಿಯಾರ ನೋಡುತ್ತಾ ಕೂತರು. ಶರಣಪ್ಪ ಸ್ಟೀಲ್ ಡಬ್ಬಿ ಬಿಚ್ಚಿ ತಾವೇ ಹುಗ್ಗಿ ಬಡಿಸಿದರು, ಅನ್ನ ಬಡಿಸಿದರು. ಈರಮ್ಮ ಮೂಲೆಯಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದರು. ಆನಂದ ತಲೆ ತಗ್ಗಿಸಿಕೊಂಡು ಉಂಡ. ಆಮೇಲೆ ಎಲ್ಲರ ಕಣ್ಣೂ ಅವನ ಮೇಲೆ. ಅವನು ಮೇಲಧಿಕಾರಿಯ ಪ್ರಶ್ನೆಗಳಿಗೆಲ್ಲ ನೆಟ್ಟಗೆ ಉತ್ತರ ಹೇಳುತ್ತಿದ್ದ. ಹೊತ್ತು ಹೋಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ನಾನು ಕೂರಲಾರದೆ ಎದ್ದೆ. ಕಿಟಕಿ ತನಕ ಹೋಗುವುದು, ಬರುವುದು. ಅವನಿಗೆ ರೋಗ ಬರಲಿ ಎಂದು ಬೇಡಿಕೊಳ್ಳುವ ಗತಿ ನನಗೆ ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಮೇಲಧಿಕಾರಿ ಎದ್ದು ನಿಂತು, "ಸಾಕ್ರಿ ಮೇಡಂ" ಎಂದರು.

ಆಗ ಆನಂದ ಮಂಚದ ಅಂಚು ಹಿಡಿದುಕೊಂಡ. ಕಣ್ಣು ಭಾರವಾದವು. ಉಸಿರು ಉದ್ದವಾಯಿತು. ಏನೋ ಹೇಳಲು ಹೋದ, ಮಾತು ಉಂಡೆಯಾಯಿತು. ಡಬ್ಬಿ ಮುಚ್ಚುತ್ತಿದ್ದ ಶರಣಪ್ಪನವರ ಕಡೆ ಬೆರಳು ತೋರಿಸಿ, "ಲೇ ಶರಣಪ್ಪ... ಇನ್ನೊಂದು ಸೌಟು ಹಾಕಲೇ" ಎಂದ.

ಯಾರೂ ನಗಲಿಲ್ಲ. ಮಹಾಂತೇಶ ರಕ್ತ ತೆಗೆದು ಕೂಡಲೇ ಡ್ರಿಪ್ ಹಚ್ಚಿದರು. ರಕ್ತದಲ್ಲಿ ಹುಳಿ ಏರಿತ್ತು, ಮಾಮೂಲಿ ಲ್ಯಾಕ್ಟಿಕ್ ಆಸಿಡ್ ಸರಿಯಾಗೇ ಇತ್ತು. ಡಿ ಜಾತಿಯದನ್ನು ಅಳೆಯಲು ದೂರದ ಲ್ಯಾಬಿಗೆ ಕಳಿಸಿದ್ದರ ಫಲಿತಾಂಶವೂ ಮುಂದೆ ಬಂದು ನಮ್ಮ ಊಹೆಯನ್ನು ಖಚಿತಪಡಿಸಿತು. ಆದರೆ ಆ ಕೋಣೆಯಲ್ಲಿದ್ದವರಿಗೆ ಅದು ಬರುವ ತನಕ ಕಾಯುವ ಅಗತ್ಯ ಬೀಳಲಿಲ್ಲ. ಶರಣಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, "ನಮ್ಮ ಹುಗ್ಗಿಯಿಂದೇನ್ರಿ ಹಿಂಗಾಗಿದ್ದು? ಅಯ್ಯ ಶಿವನ, ನಾನೇ ಒತ್ತಾಯ ಮಾಡಿ ನೀಡಿದ್ನೆಲ್ರಿ" ಎಂದರು. ದೂರು ವಾಪಸ್ಸು ತಗೊಂಡರು. "ಲೇ" ಅಂದದ್ದರ ಮಾತನ್ನು ಮತ್ತೆ ಎತ್ತಲಿಲ್ಲ. ಮೇಲಧಿಕಾರಿ ಹೋಗುವಾಗ ನನ್ನ ಕಡೆ ನೋಡದೆಯೇ, "ಅನಾರೋಗ್ಯ ಅಂತ ಬರೀರಿ, ವೈದ್ಯಕೀಯ ರಜೆ ಕೊಡ್ರಿ" ಎಂದರು. ಅಷ್ಟು ಸಾಕಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡಲು ಹೊರಗೆ ಹೋದೆ.

ಅಲ್ಲಿ ಬೆಂಚಿನ ಮೇಲೆ ಈರಮ್ಮ ಕೂತಿದ್ದರು. ಮಗನ ಹೆಸರು ಉಳಿಯಿತು, ಖುಷಿಯಿಂದ ಇರುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತ್ತು.

"ಹುಗ್ಗಿ ಉಂಡ್ರ ಹಿಂಗಾತು ಅಂದ್ರ, ನಾ ಕೊಟ್ಟ ಗಂಜಿನೂ ಹಿಂಗ ಮಾಡತಿತ್ತೇನ್ರಿ?"

ನಾನು ಅವರ ಎದುರಿಗೆ ಹೋಗಿ ನಿಂತೆ.

"ಬೆಲ್ಲ? ಗ್ಲೂಕೋಸು?" ಎಂದರು. ಆಮೇಲೆ, "ಅಂಗಡಿ ಮುಚ್ಚಿಸಿದಾಕಿ ನಾನ. ದಿನಾ ಮನ್ಯಾಗ ಕುಂದ್ರಿಸಿ ನನ್ನ ಕೈಲೆ ಮಗಗ ಕುಡಿಸಿದಂಗಾತಲ್ರಿ" ಎಂದರು.

ಅಲ್ಲ ಎನ್ನುವುದು ಸುಲಭವಿತ್ತು. ಆದರೆ ಅಲ್ಲ ಎಂದರೆ ನಾಳೆ ಮತ್ತೆ ಗಂಜಿ ಕಾಯಿಸುತ್ತಾರೆ. "ಹೌದ್ರಿ ಈರಮ್ಮ, ಅದರಿಂದನ" ಎಂದೆ. ಅವರು ಗೊಳೋ ಎಂದು ಅತ್ತರು. ನಾನು ಪಕ್ಕದಲ್ಲಿ ಕೂತೆ. ಒಂದು ಕಡೆ ಕೂರಲಾರದ ನಾನು ಅವತ್ತು ಅವರು ಅಳು ಮುಗಿಸುವವರೆಗೂ ಕೂತಿದ್ದೆ. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾದ್ರ ನಾಳಿಂದ ಏನ್ ಹಾಕ್ಲಿ? ಅದನ್ನಾರ ಛಂದಾಗಿ ತಿಳಿಸಿ ಹೇಳ್ರಿ" ಎಂದರು. ಮಹಾಂತೇಶರನ್ನು ಕರೆದೆ. ಸಕ್ಕರೆ, ಬೆಲ್ಲ ಬಂದ್, ಅನ್ನ ತೀರಾ ಕಡಿಮೆ, ಮೊಟ್ಟೆ ಕೊಡಿ, ಸ್ವಲ್ಪಸ್ವಲ್ಪವೇ ಹಲವು ಸಲ ಉಣ್ಣಿಸಿ, ಕರುಳಿನ ಸೂಕ್ಷ್ಮಜೀವಿಗಳನ್ನು ಹದ್ದಿನಲ್ಲಿಡುವ ಮಾತ್ರೆ ತಪ್ಪಿಸಬೇಡಿ ಎಂದು ಅವರು ಹೇಳುತ್ತಾ ಹೋದಂತೆ ಈರಮ್ಮ ಪ್ರತಿಯೊಂದನ್ನೂ ತಿರುಗಿ ಕೇಳಿ ಖಾತ್ರಿ ಮಾಡಿಕೊಂಡರು.

ಆನಂದ ಈಗಲೂ ಡ್ಯೂಟಿ ಮಾಡುತ್ತಿದ್ದಾನೆ. ನನಗೆ ನಿವೃತ್ತಿಯಾಗಿದೆ. ಹೊಟ್ಟೆಯೊಳಗಿನ ಜೀವಿಗಳ ಬಗ್ಗೆ ನನಗೆ ಮೊದಲೇ ಸಾಕಷ್ಟು ಗೊತ್ತಿತ್ತು, ಆ ಸುಗ್ಗಿಯಲ್ಲಿ ಕಲಿತದ್ದು ಉಣ್ಣಿಸುವ ಕೈಯ ಬಗ್ಗೆ. ನಮ್ಮಲ್ಲಿಗೆ ಬರುವ ಕೆಟ್ಟ ಹೊಟ್ಟೆಗಳ ಹಿಂದೆ ಬಹಳ ಸಲ ಅಕ್ಕರೆಯಿಂದ ಹೆಚ್ಚಾಗಿ ಹಾಕಿದ ಕೈ ಇರುತ್ತದೆ. ಆ ಕೈಗೆ ಸತ್ಯ ಹೇಳಲೇಬೇಕು, ಹೇಳಿ ಎದ್ದುಹೋಗಬಾರದು. ಉಳಿದ ಸರ್ವೀಸಿನಲ್ಲಿ ಎಮ್ಮೆಗೆ ಅನ್ನ ಹಾಕಿದವರು ಯಾರೇ ಸಿಕ್ಕರೂ ನಾನು ಕೂಗಾಡಲಿಲ್ಲ. ಎಮ್ಮೆಗೆ ಟ್ಯೂಬ್ ಇಳಿಸಿ ಮುಗಿಸಿದ ಮೇಲೆ ಅವರ ಪಕ್ಕದಲ್ಲಿ ಕೂತು, ನಾಳೆಯಿಂದ ಏನು ಹಾಕಬೇಕೆಂದು ಹೇಳಿಕೊಟ್ಟು ಬರುತ್ತಿದ್ದೆ.